ಬಂಪರಿನ ಕಪ್ಪು

"ಬರ್ತಾನಂತ," ಎಂದು ಎರ್ರೆಪ್ಪ ಚಪ್ಪಲಿ ಬಿಡುತ್ತಲೇ ಹೇಳಿದ. ತೆಲಿಗಿಗೆ ಫೋನ್ ಹಚ್ಚಲು ಬೂತಿಗೆ ಹೋದವನು ಅರ್ಧ ತಾಸು ಬಿಟ್ಟು ಬಂದಿದ್ದ. "ಆದ್ರ ಹೊಸ್ತಿಲ ದಾಟಂಗಿಲ್ಲಂತ. ಹೊರಗ ನಿಂತು ಸೀರಿ ಕೊಡ್ತೀನಿ, ಮಣ್ಣು ಮುಗಿಸ್ಕೊಂಡು ಅಕ್ಕನ್ನ ಕರಕೊಂಡು ಹೋಗ್ತೀನಿ ಅಂದ."

ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡ ಗುರುಸಂಗಪ್ಪನ ಹಣೆಗೆ ವಿಭೂತಿ ಎಳೆಯುತ್ತಿದ್ದ ದಾಕ್ಷಾಯಣಮ್ಮನ ಕೈ ಅಲ್ಲೇ ನಿಂತಿತು. ಮೂರು ಬೆರಳಿನ ಪಟ್ಟೆ ಅರ್ಧಕ್ಕೇ ಉಳಿಯಿತು. ಗಂಡ ಸತ್ತವಳಿಗೆ ತವರಿನಿಂದ ಸೀರೆ ಬರಬೇಕು, ಅದನ್ನು ಉಟ್ಟ ಮೇಲೆಯೇ ಹೆಣ ಎತ್ತುವುದು ಅವರ ಮನೆಯ ಪದ್ಧತಿ. ಅವಳಿಗೆ ತವರೆಂದರೆ ತೆಲಿಗಿಯ ತಮ್ಮ ಹಾಲೇಶಪ್ಪ ಒಬ್ಬನೇ.

"ಹೊಸ್ತಿಲ ದಾಟಲಾರದ ಸೀರಿ ಎಂಥಾದ್ದು?" ಎಂದಳು ಓಣಿಯ ಮುದುಕಿ ಕೊಟ್ರಮ್ಮ. "ಸತ್ತವನ ಮ್ಯಾಲೂ ಹಗಿ ಸಾಧಸ್ತಾರೇನು? ಒಂಬತ್ತು ವರ್ಷ ಆತಲ್ಲೋ ಯಪ್ಪಾ."

"ಹಠದ ಮನಷ್ಯಾ ಬೇ ಅವ," ಎಂದು ಎರ್ರೆಪ್ಪ ದಾಕ್ಷಾಯಣಮ್ಮನ ಮುಖ ನೋಡಿದ. ಅವನು ಬಾಡಿಗೆ ಟ್ರ್ಯಾಕ್ಸ್ ಗಾಡಿ ಓಡಿಸುವವನು. ಜಾತಿ ಬೇರೆ, ದೇವರು ಬೇರೆ, ಗುರುಸಂಗಪ್ಪನ ಮೂವತ್ತು ವರ್ಷದ ಗೆಳೆಯ. ನೋಡಿ, ಮತ್ತೇನೋ ಹೇಳುವಂತೆ ಬಾಯಿ ತೆರೆದು, ಸುಮ್ಮನೆ ಹೊರಗೆ ಹೋಗಿ ಹೆಣ ಕೂಡಿಸಿ ಒಯ್ಯುವ ವಿಮಾನ ಕಟ್ಟುವವರಿಗೆ ಬಿದಿರು ಹಿಡಿದ.

ಸಾವಿನ ಮನೆಯಲ್ಲಿ ಕೈಗಡಿಯಾರ ಕಟ್ಟಿದವನಿಗೆ ಎಲ್ಲಿಲ್ಲದ ಮರ್ಯಾದೆ. ಹಡಗಲಿಯಿಂದ ಬಂದಿದ್ದ ಅಳಿಯ ಅರುಣಕುಮಾರನನ್ನು ಹೋಗಿಬರುವವರೆಲ್ಲ ಎಷ್ಟಾಯ್ತೆಂದು ಕೇಳುತ್ತಿದ್ದರು. ಐದರೊಳಗೆ ಮಣ್ಣಾಗಬೇಕು ಎಂದು ಕ್ರಿಯೆ ಮಾಡಿಸುವ ಅಯ್ಯನವರು ಹೇಳಿಬಿಟ್ಟಿದ್ದರು. ಈಗ ಒಂದೂವರೆ.

ದಾಕ್ಷಾಯಣಮ್ಮನಿಗೆ ಅಳು ಬಂದಿರಲಿಲ್ಲ. ಬೆಳಗಿನಿಂದ ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತು, ಅವಳು ಅಳದಿರುವುದನ್ನು ಕಂಡು ಹೆದರಿ, ಇನ್ನೊಂದಿಷ್ಟು ಅತ್ತು ಸರಿದಿದ್ದರು. ಅವಳ ತಲೆಯಲ್ಲಿ ಇದ್ದದ್ದು ಒಂದೇ. ತಮ್ಮ ಬರುತ್ತಾನೆ, ಹೇಳಬೇಕು. ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು. ಹೇಳಿದರೆ ತವರಿನ ಬಾಗಿಲು ಮುಚ್ಚಬಹುದು. ಇರುವ ಮನೆ ಬಾಡಿಗೆಯದು. ಮಗಳು ಸುಕನ್ಯಾ ಹಡಗಲಿಯಲ್ಲಿ ಅತ್ತೆಯ ಕೈಕೆಳಗಿನ ಸೊಸೆ. ಆ ಬಾಗಿಲು ಮುಚ್ಚಿದರೆ ನಾಳೆ ಎಲ್ಲಿಗೆ ಹೋಗುವುದೋ ಅವಳಿಗೆ ಗೊತ್ತಿಲ್ಲ. ಹೇಳದಿದ್ದರೆ ಈ ಮನುಷ್ಯ ತಾನು ಮಾಡದ ತಪ್ಪನ್ನು ಹೊತ್ತುಕೊಂಡೇ ಮಣ್ಣಿಗೆ ಹೋಗುತ್ತಾನೆ.

ಅವಳು ಉಳಿದ ಅರ್ಧ ಪಟ್ಟೆಯನ್ನು ಎಳೆದು ಮುಗಿಸಿದಳು.

* * *

ಗುರುಸಂಗಪ್ಪನ ಕಸುಬು ಏನೆಂದು ಕೇಳಿದವರು ನಗುತ್ತಿದ್ದರು. ಕಾರಿನ ಕರಿ ಪ್ಲಾಸ್ಟಿಕ್ಕು ಇರುತ್ತದಲ್ಲ, ಬಂಪರು, ಬಾಗಿಲ ಮೇಲಿನ ಪಟ್ಟಿ, ಕನ್ನಡಿಯ ಚಿಪ್ಪು, ಅದು ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದಾಗ ಮತ್ತೆ ಕರ್ರಗೆ ಮಾಡಿಕೊಡುವುದು. ನಮ್ಮ ಕಡೆಯ ಬಿಸಿಲಿನಲ್ಲಿ ಎರಡು ಬೇಸಿಗೆ ನಿಂತ ಗಾಡಿಗೆ ಕಪ್ಪೆಂಬುದು ಉಳಿಯುವುದಿಲ್ಲ. ಮನುಷ್ಯರು ಕರ್ರಗಾಗುತ್ತಾರೆ, ಪ್ಲಾಸ್ಟಿಕ್ಕು ಬೆಳ್ಳಗಾಗುತ್ತದೆ.

ಕಲಿತದ್ದು ಬೈಸಿಕೊಂಡು. ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಡಬ್ಬಿ ತುಂಬುತ್ತಿದ್ದಾಗ ಒಮ್ಮೆ ಕಾಲು ಜಾರಿ ಅರ್ಧ ಡಬ್ಬಿ ಎಣ್ಣೆಯನ್ನು ಸಾಹುಕಾರರ ಕಾರಿನ ಮೂತಿಯ ಮೇಲೆ ಸುರಿದಿದ್ದ. ಸಾಹುಕಾರರು ಅವನ ಅಪ್ಪ ಅಜ್ಜ ಎಲ್ಲರನ್ನೂ ಎಳೆದು ತರುತ್ತಿದ್ದರೆ ಇವನು ಹೆಗಲ ಟವಲಿನಿಂದ ಒರೆಸಿಯೇ ಒರೆಸಿದ. ಒರೆಸಿ ಎದ್ದಾಗ ಬೈಗುಳ ನಡುವೆ ನಿಂತಿತು. ಬಂಪರು ನಿನ್ನೆ ತಂದ ಗಾಡಿಯದರಂತೆ ಕರ್ರಗೆ ಕೂತಿತ್ತು. ಸಾಹುಕಾರರು ಒಂದು ಸುತ್ತು ಹಾಕಿ ನೋಡಿ, "ಹಿಂದಿನದಕ್ಕೂ ಹಚ್ಚಲೇ," ಅಂದರು.

ಮಿಲ್ಲು ಮುಚ್ಚಿದ ಮೇಲೆ ಅದೇ ಹೊಟ್ಟೆಪಾಡಾಯಿತು. ಮನೆಯ ಮುಂದಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಮೊದಲು ಸೋಡಾಪುಡಿ ನೀರಿನಲ್ಲಿ ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಸಂದಿಗೊಂದಿ ತಿಕ್ಕುತ್ತಿದ್ದ. ಆಮೇಲೆ ನೆತ್ತಿಯ ಬಿಸಿಲಿಗೆ ನಿಲ್ಲಿಸಿ ಪ್ಲಾಸ್ಟಿಕ್ಕು ಕಾಯುವ ತನಕ ಬೀಡಿ ಸೇದುತ್ತಿದ್ದ. ಶೇಂಗಾ ಎಣ್ಣೆಗೆ ಮೇಣದಬತ್ತಿಯ ಚೂರು ಕರಗಿಸಿ, ಬೆಚ್ಚಗಿರುವಾಗಲೇ ಹಚ್ಚಿ, ಒಂದು ತಾಸು ಬಿಟ್ಟು, ಒರೆಸಿ, ಮತ್ತೆ ಹಚ್ಚಿ, ಹೀಗೆ ಮೂರು ಸಲ. ಎಣ್ಣೆಗೆ ಎರಡು ಹನಿ ಬೇವಿನೆಣ್ಣೆಯೂ ಬೀಳುತ್ತಿತ್ತು. ಅದು ಆಡುಗಳಿಗಾಗಿ. ಮೊದಮೊದಲು ಬೇವಿನೆಣ್ಣೆ ಹಾಕದೆ ಕಳಿಸಿದ ಗಾಡಿಗಳ ಬಂಪರನ್ನು ಸಂತೆಯಲ್ಲಿ ಆಡುಗಳು ಸಾಲುಗಟ್ಟಿ ನೆಕ್ಕಿದ್ದವು.

ಕೊನೆಗೆ ಒಗೆದ ಬಿಳಿ ಬಟ್ಟೆ. ಅದರಿಂದ ಬಂಪರನ್ನು ಈ ತುದಿಯಿಂದ ಆ ತುದಿಗೆ ಒತ್ತಿ ಒರೆಸಿ, ಗಾಡಿಯವನ ಮುಂದೆ ಬಿಚ್ಚಿ ತೋರಿಸುತ್ತಿದ್ದ. "ನೋಡ್ರಿ, ಏನಾರ ಹತ್ತೇತೇನು?" ಹತ್ತಿದ್ದರೆ ಗಾಡಿ ಬಿಡುತ್ತಿರಲಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯಿಂದಲೂ ಗಾಡಿ ಬರುತ್ತಿದ್ದದ್ದು ಕಪ್ಪಿಗಿಂತ ಹೆಚ್ಚಾಗಿ ಆ ಬಿಳಿ ಬಟ್ಟೆಗೆ.

* * *

ಎರಡೂವರೆಗೆ ಭಜನೆಯವರು ಬಂದರು. ಹೊರಗೆ ಚಹಾ ಕುಡಿಯುತ್ತಿದ್ದವರ ಮಾತು ಕಿಟಕಿಯಿಂದ ಒಳಗೆ ಬರುತ್ತಿತ್ತು.

"ಯಾವ ಗುರುಸಂಗಪ್ಪ?"

"ಮಸಿ ಗುರುಸಂಗಪ್ಪಲೇ. ಬೀಗರ ಕುಂಡಿ ಕರ್ರಗ ಮಾಡಿದ್ನಲ್ಲ, ಅಂವ."

"ಹೋ, ಅಂವನಾ!" ನಗು ಬಂತು. ಸತ್ತ ಮನೆಯೆಂದು ನೆನಪಾಗಿ ಅರ್ಧಕ್ಕೆ ಕೆಮ್ಮಾಯಿತು. "ಪಾಪ, ಮನಷ್ಯಾ ಛಲೋ ಇದ್ದ."

ಸುಕನ್ಯಾ ಎದ್ದು ಕಿಟಕಿ ಮುಚ್ಚಲು ಹೋದಳು. "ಇರ್ಲಿ ಬಿಡು," ಎಂದಳು ದಾಕ್ಷಾಯಣಮ್ಮ. "ಸೆಕಿ ಆಗ್ತೈತಿ."

* * *

೧೯೯೭ರ ಬೇಸಿಗೆ. ಹಾಲೇಶಪ್ಪ ಆ ವರ್ಷ ಒಂದು ಹಳೆ ಮಾರುತಿ ವ್ಯಾನು ತಂದಿದ್ದ. ಮೈ ಬಿಳುಪು ಚೆನ್ನಾಗಿಯೇ ಇತ್ತು, ಬಂಪರುಗಳು ಒಲೆಯ ಬೂದಿ. ಮಗಳು ಗಂಗಾಂಬಿಕಾಳ ಮದುವೆಗೆ ಹರಪನಹಳ್ಳಿಯ ಬೀಗರನ್ನು ಅದರಲ್ಲೇ ಕರೆತರಬೇಕು. ಮದುವೆಯ ಹಿಂದಿನ ಮಧ್ಯಾಹ್ನ ಡ್ರೈವರ್ ವ್ಯಾನು ತಂದು ಬೇವಿನ ಮರದ ಕೆಳಗೆ ಬಿಟ್ಟು, "ಬೆಳಿಗ್ಗಿ ಆರಕ್ಕ ಬಂದು ಒಯ್ತೀನ್ರಿ, ಅಣ್ಣಾರಿಗೆ ಹೇಳ್ರಿ," ಎಂದು ಹೋದ.

ಅಣ್ಣಾರು ಮನೆಯಲ್ಲಿರಲಿಲ್ಲ. ಗುರುಸಂಗಪ್ಪ ಅದಕ್ಕೂ ಹಿಂದಿನ ದಿನವೇ ಎರ್ರೆಪ್ಪನ ಟ್ರ್ಯಾಕ್ಸಿನಲ್ಲಿ ದಾವಣಗೆರೆಗೆ ಹೋಗಿದ್ದ. ಅಲ್ಲೊಬ್ಬ ಹಳೆ ಗಾಡಿ ಮಾರುವವನು ನಾಲ್ಕು ಕಾರಿನ ಕೆಲಸ ಒಟ್ಟಿಗೆ ಒಪ್ಪಿಸಿದ್ದ. ಮರುದಿನ ಸಂಜೆಗೆ ಬರುತ್ತೇನೆಂದವನು ಬರಲಿಲ್ಲ. ಟ್ರ್ಯಾಕ್ಸ್ ಕೆಟ್ಟು ಕೂತಿತ್ತೆಂದು ಆಮೇಲೆ ತಿಳಿದದ್ದು.

ಹೊತ್ತು ಇಳಿಯಿತು. ದಾಕ್ಷಾಯಣಮ್ಮ ಮೂರು ಸಲ ಹೊರಗೆ ಬಂದು ವ್ಯಾನು ನೋಡಿದಳು. ತಮ್ಮನ ಗಾಡಿ. ತಮ್ಮನ ಒಬ್ಬಳೇ ಮಗಳ ಮದುವೆ. ಬೂದಿ ಮೂತಿ ಇಟ್ಟುಕೊಂಡು ಬೀಗರ ಮನೆಗೆ ಹೋಗಬೇಕೇ? ಹತ್ತು ವರ್ಷ ಕಣ್ಣಿನಿಂದ ನೋಡಿದ ಕೆಲಸ, ಅದೇನು ಬ್ರಹ್ಮವಿದ್ಯೆಯೇ? ಸೆರಗು ಕಟ್ಟಿ ಕುಳಿತಳು. ತಿಕ್ಕಿದಳು, ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿದಳು. ಆದರೆ ಬಿಸಿಲು ಹೋಗಿತ್ತು, ಪ್ಲಾಸ್ಟಿಕ್ಕು ಕಾದಿರಲಿಲ್ಲ. ಎಣ್ಣೆ ಒಳಗಿಳಿಯದೆ ಮೇಲೇ ನಿಂತಿತು. ಒರೆಸಿದರೆ ಬೂದಿ ಮತ್ತೆ ಬೂದಿಯೇ.

ಒಳಗೆ ಮದುಮಗಳಿಗೆಂದು ಮಾಡಿಟ್ಟ ಕಾಡಿಗೆ ಇತ್ತು. ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಮೂರು ದಿನ ಹಿಡಿದ ಮಸಿ. ಓಣಿಯ ಕೂಸುಗಳಿಗೆಲ್ಲ ಕಾಡಿಗೆ ಅವಳದೇ. ಮಸಿಯನ್ನು ಇನ್ನೊಂದಿಷ್ಟು ಔಡಲೆಣ್ಣೆಯಲ್ಲಿ ಕಲಸಿ, ಎರಡೂ ಬಂಪರಿಗೆ ಕೈಯಿಂದಲೇ ತಿಕ್ಕಿ ತಿಕ್ಕಿ ಹಚ್ಚಿದಳು. ಅಬ್ಬಾ, ಅದು ಏರಿದ ಕಪ್ಪು! ಗಂಡ ಒಮ್ಮೆಯೂ ಅಷ್ಟು ಕಪ್ಪು ತಂದಿರಲಿಲ್ಲ. ಅವಳು ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ನಿಂತು ನೋಡಿದಳು. ಅಂಥ ಕಪ್ಪನ್ನು ಒರೆಸಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಡ್ರೈವರ್ ನೋಡಿ, "ಅಣ್ಣಾರ ಕೈ ಅಂದ್ರ ಕೈ ನೋಡ್ರಿ!" ಎಂದ. ಅವಳು ಹಿಗ್ಗಿದಳೇ ಹೊರತು ಏನೂ ಹೇಳಲಿಲ್ಲ. ಅದೇ ವ್ಯಾನಿನಲ್ಲಿ ಮದುವೆಗೆ ಹೋದಳು.

ತೆಲಿಗಿಯಲ್ಲಿ ಬೀಗರನ್ನು ತಂದು ಇಳಿಸಿದ ವ್ಯಾನು ಚಪ್ಪರದ ಪಕ್ಕದ ನೆರಳಿಗೆ ನಿಂತಿತ್ತು. ಕುರ್ಚಿ ಸಾಲಲಿಲ್ಲ. ಬೀಗರ ಪೈಕಿ ಆರು ಮಂದಿ ಹಿರಿಯರು, ಗಂಜಿ ಹಾಕಿದ ಬಿಳಿ ಧೋತರದವರು, ಮೂವರು ಮುಂದಿನ ಬಂಪರಿನ ಮೇಲೆ, ಮೂವರು ಹಿಂದಿನ ಬಂಪರಿನ ಮೇಲೆ ಊರಿಕೊಂಡು ಎಲೆಯಡಿಕೆ ಹಾಕಿದರು. ಅಕ್ಷತೆಗೆ ಕರೆ ಬಂದಾಗ ಎದ್ದು ಹಂದರದ ಕಟ್ಟೆ ಹತ್ತಿ, ಮದುಮಕ್ಕಳ ಕಡೆ ಮುಖ ಮಾಡಿ, ಸಭೆಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಮೊದಲು ಚಿಕ್ಕ ಮಕ್ಕಳು ನಕ್ಕವು. ಆಮೇಲೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ಇಡೀ ಚಪ್ಪರವೇ ನಕ್ಕಿತು.

"ಹೆಣ್ಣಿನವ್ರು ನಮ್ಮ ಕುಂಡಿಗೆ ಮಸಿ ಬಳದು ಸಭಾದಾಗ ನಿಲ್ಲಿಸ್ಯಾರ!" ಎಂದು ಮದುಮಗನ ದೊಡ್ಡಪ್ಪ ಕೂಗಿದ. ಬೀಗರು ಪಂಕ್ತಿಗೆ ಕೂಡಲಿಲ್ಲ. ಹಾಲೇಶಪ್ಪ ಆರೂ ಜನರ ಕಾಲು ಮುಟ್ಟಿದ. ಹರಪನಹಳ್ಳಿಯಿಂದ ಆರು ಹೊಸ ಧೋತರ ಬರುವವರೆಗೆ ಹೋಳಿಗೆಗಳು ಆರಿ ಹೋದವು. ಆ ನಡುವೆ, ದಾವಣಗೆರೆಯಿಂದ ಬಸ್ಸು ಹಿಡಿದು ನೇರ ತೆಲಿಗಿಗೆ ಬಂದ ಗುರುಸಂಗಪ್ಪ ಚಪ್ಪರದೊಳಗೆ ಕಾಲಿಟ್ಟ.

"ಏನು ಹಚ್ಚಿದ್ಯೋ ನನ್ನ ಗಾಡಿಗೆ?" ಹಾಲೇಶಪ್ಪ ಅವನ ಅಂಗಿಯ ಕೊರಳು ಹಿಡಿದಿದ್ದ. "ಯಾರ ಮ್ಯಾಲಿನ ಸಿಟ್ಟಿಗೆ ಹಚ್ಚಿದಿ?"

ಗುರುಸಂಗಪ್ಪನಿಗೆ ಏನೂ ಅರ್ಥವಾಗಲಿಲ್ಲ. ಹಿಡಿತ ಬಿಡಿಸಿಕೊಂಡು ವ್ಯಾನಿನ ಹತ್ತಿರ ಹೋದ, ಬಂಪರಿಗೆ ಬೆರಳಿಟ್ಟ, ಬೆರಳನ್ನು ಮೂಗಿಗೆ ಹಿಡಿದ. ಔಡಲೆಣ್ಣೆ. ತಲೆಯೆತ್ತಿ ಹೆಂಡತಿಯನ್ನು ಒಮ್ಮೆ ನೋಡಿದ. ಅವಳು ಪಾಯಸದ ಬೋಗುಣಿ ಹಿಡಿದು ನಿಂತಿದ್ದಳು.

"ನಾನ ಹಚ್ಚಿದ್ದು ಹಾಲೇಶಿ," ಎಂದ. "ಅವಸರ ಆತು. ಒರಸಲಿಲ್ಲ."

"ಇನ್ನ ಮ್ಯಾಲ ನಿನ್ನ ಹೊಸ್ತಿಲ ನಾ ತುಳಿಯಂಗಿಲ್ಲ, ನನ್ನ ಹೊಸ್ತಿಲ ನೀ ತುಳೀಬ್ಯಾಡ. ಅಕ್ಕ ಬರ್ಲಿ, ಹೋಗ್ಲಿ. ನೀ ನನಗ ಸತ್ತಂಗ."

ಗುರುಸಂಗಪ್ಪ ಉಣ್ಣದೆ ಬಸ್ಸಿನ ದಾರಿ ಹಿಡಿದ. ದಾಕ್ಷಾಯಣಮ್ಮ ಆಗ ಬಾಯಿ ತೆರೆಯಬಹುದಿತ್ತು. ಬೀಗರು ಮತ್ತೆ ಎದ್ದಾರೆಂಬ ಹೆದರಿಕೆ. ತಮ್ಮ ತನ್ನ ಕೊರಳನ್ನೂ ಹಾಗೆಯೇ ಹಿಡಿದಾನೆಂಬ ಹೆದರಿಕೆ. ಎರಡನೆಯದೇ ದೊಡ್ಡದು ಎಂದು ಅವಳಿಗೆ ಗೊತ್ತಿತ್ತು. ಪಾಯಸ ಬಡಿಸಿದಳು.

ಅವಳು ಮನೆಗೆ ಬಂದು ಅತ್ತಾಗ ಅವನು ಹೇಳಿದ್ದು ಇಷ್ಟೇ. "ನಾ ಹೆಂಗೂ ಹೊರಗಿನವ. ನಿನಗ ತವರು ಅಂತ ಇರೋದು ಅದೊಂದ ಮನಿ. ಒಂದೆರಡು ವರ್ಷ ಹೋಗ್ಲಿ, ಸಿಟ್ಟು ಇಳೀಲಿ, ಆಗ ಹೇಳಿದ್ರಾತು."

ಸಿಟ್ಟು ಇಳಿಯಲಿಲ್ಲ. ಬೀಗರೇ ಅದನ್ನು ನಗೆಮಾತು ಮಾಡಿಕೊಂಡಿದ್ದರು. ಗಂಗಾಂಬಿಕಾಗೆ ಎರಡು ಮಕ್ಕಳಾದವು, ಕೂಸಿಗೆ ಕಾಡಿಗೆ ಹಚ್ಚುವಾಗೆಲ್ಲ ಅವಳ ಮಾವ, "ನಮಗೂ ಹಚ್ಚಿದ್ರಲ್ಲವಾ," ಎಂದು ನಗುತ್ತಿದ್ದ. ಹಾಲೇಶಪ್ಪ ಮಾತ್ರ ಬಿಡಲಿಲ್ಲ. ಸುದ್ದಿ ಡ್ರೈವರುಗಳ ಬಾಯಿಗೆ ಬಿದ್ದು ಮೂರು ತಾಲೂಕು ತಿರುಗಿತು. ಹತ್ತು ಗಾಡಿ ಬರುವಲ್ಲಿ ನಾಲ್ಕು ಬಂದವು. ಬಂದವರೂ ಗುರುಸಂಗಪ್ಪ ಬಿಳಿ ಬಟ್ಟೆ ತೋರಿಸಿದ ಮೇಲೆ ತಾವೇ ಕರ್ಚೀಫು ತೆಗೆದು ಇನ್ನೊಮ್ಮೆ ಒರೆಸಿ ನೋಡುತ್ತಿದ್ದರು. ಅವನು ಅದನ್ನೂ ನಿಂತು ನೋಡುತ್ತಿದ್ದ.

* * *

ಮೂರೂಕಾಲಿನ ಬಸ್ಸಿಗೆ ಹಾಲೇಶಪ್ಪ ಬಂದ. ಜೊತೆಗೆ ಹೆಂಡತಿ. ಬೇವಿನ ಮರದ ಕೆಳಗೆ ನಿಂತ, ಚಪ್ಪಲಿ ಕೂಡ ಬಿಡಲಿಲ್ಲ. ಸುಕನ್ಯಾ ಹೋಗಿ ಕಾಲು ಮುಟ್ಟಿದಳು. ಅವಳ ತಲೆ ಸವರಿ, ಸೀರೆಯ ಕವರು ಕೊಟ್ಟು, "ಅವ್ವಗ ಕೊಡವಾ," ಎಂದ.

ಕವರು ಒಳಗೆ ಹೋಯಿತು. ಹೋದಷ್ಟೇ ಬೇಗ ಹೊರಗೆ ಬಂತು. ಅದನ್ನು ಹಿಡಿದುಕೊಂಡು ಬಂದವಳು ದಾಕ್ಷಾಯಣಮ್ಮನೇ. ಹೆಣದ ಪಕ್ಕ ಬಿಟ್ಟು ಬೀದಿಗೆ ಬಂದ ಹೊಸ ವಿಧವೆಯನ್ನು ಕಂಡು ಭಜನೆಯವರ ತಾಳ ತಪ್ಪಿತು.

"ಸೀರಿ ನಿನ್ನ ಹಂತ್ಯಾಕ ಇಟ್ಕೊ ತಮ್ಮಾ. ನನ್ನ ಮಾತು ಕೇಳು. ಕೇಳಿದ ಮ್ಯಾಲ ಕೊಟ್ರ ಉಡ್ತೀನಿ."

"ಏನಕ್ಕಾ ಇದು, ಮಂದಿ ಮುಂದ..."

"ಆವತ್ತೂ ಮಂದಿ ಇದ್ರು." ಅವಳ ಧ್ವನಿ ಜೋರಾಗಿಯೇ ಇತ್ತು. "ಗಂಗಾನ ಮದಿವ್ಯಾಗ ನಿನ್ನ ಗಾಡಿಗೆ ಮಸಿ ಹಚ್ಚಿದಾಕಿ ನಾನು. ಅವ್ರಲ್ಲ."

ಹಾಲೇಶಪ್ಪ ಅವಳನ್ನೇ ನೋಡಿದ. ಆಮೇಲೆ ಮುಖ ಮೆತ್ತಗೆ ಮಾಡಿಕೊಂಡು, "ಬಿಡಕ್ಕಾ," ಎಂದ. "ಹೋದವ್ರ ತಪ್ಪು ಹೋದವ್ರ ಕೂಡ ಹೋಗ್ಲಿ. ನಾನೇನು ಈಗ ಅದನ್ನ ಎತ್ತಿ ಆಡಾಕ ಬಂದಿಲ್ಲ. ನಿನ್ನ ಗಂಡನ್ನ ಉಳಸಾಕ ನೀ ಸುಳ್ಳು ಹೇಳೋದು ಬ್ಯಾಡ."

"ದುಃಖಕ್ಕ ತಲಿ ಕೆಟ್ಟೈತ್ರವಾ, ಒಳಗ ಕರಕೊಂಡು ಹೋಗ್ರಿ," ಎಂದಳು ಕೊಟ್ರಮ್ಮ. ಇಬ್ಬರು ಹೆಂಗಸರು ಬಂದು ತೋಳು ಹಿಡಿದರು.

ಇದನ್ನು ದಾಕ್ಷಾಯಣಮ್ಮ ಎಣಿಸಿಯೇ ಇರಲಿಲ್ಲ. ತಮ್ಮ ಬೈಯುತ್ತಾನೆ, ಸೀರೆ ಕಸಿಯುತ್ತಾನೆ, ಬಾಗಿಲು ಮುಚ್ಚುತ್ತಾನೆ, ಇಷ್ಟನ್ನು ಒಂಬತ್ತು ವರ್ಷ ನೆನೆದು ನೆನೆದು ಹೆದರಿದ್ದಳು. ನಂಬುವುದೇ ಇಲ್ಲ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಗಂಡ ಹೇಳಿದ ಸುಳ್ಳು ಅಷ್ಟು ಗಟ್ಟಿಯಾಗಿ ಬೇರು ಬಿಟ್ಟಿತ್ತು. ಅವಳಿಗೆ ಸಿಟ್ಟು ಬಂತು. ಬೆಳಗಿನಿಂದ ಬಾರದ ಅಳು ಆ ಸಿಟ್ಟಿನ ಹಿಂದೆಯೇ ಬಂತು.

"ಬಿಡ್ರೇ ನನ್ನ!" ಎಂದು ತೋಳು ಕೊಡವಿದಳು. "ಅವ್ರು ಹಚ್ಚಿದ್ದು ಒಂದು ದಿನಾರ ಒಬ್ಬರ ಬಟ್ಟಿಗೆ ಹತ್ತೇತೇನು? ಕೇಳ್ರಿ, ಈ ಮರದ ಬುಡಕ ಗಾಡಿ ನಿಲ್ಲಿಸಿದವ್ರು ಇಲ್ಲೇ ಅದಾರ, ಕೇಳ್ರಿ! ಗಂಗಾಗ ಅಂತ ಹಿಡದಿದ್ದ ಕಾಡಿಗಿ ಅದು. ಔಡಲೆಣ್ಣಿ ದೀಪದ್ದು. ನಾ ಒರಸಲಿಲ್ಲ. ಕರ್ರಗ ಕಾಣ್ಲಿ, ನನ್ನ ತಮ್ಮನ ಗಾಡಿ ಹೊಳೀಲಿ ಅಂತ ಒರಸಲಿಲ್ಲ."

ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದ ಎರ್ರೆಪ್ಪ ಹಗ್ಗ ಬಿಟ್ಟು ಮುಂದೆ ಬಂದ.

"ಖರೆ ಐತ್ರಿ ಹಾಲೇಶಪ್ಪಾರ," ಎಂದ. "ಮದಿವಿ ಹಿಂದಿನ ದಿನ ನಾನೂ ಅವನೂ ದಾವಣಗೇರ್ಯಾಗ ಇದ್ವಿ. ನನ್ನ ಗಾಡಿ ಕೆಟ್ಟಿತ್ತು, ಗ್ಯಾರೇಜಿನಾಗ ಮಲಗಿದ್ವಿ. ಬೆಳಿಗ್ಗಿ ನಾನ ತೆಲಿಗಿ ಬಸ್ಸಿಗೆ ಹತ್ತಿಸಿದ್ದು. ಅವ ಕೊಟ್ಟೂರಿಗೆ ಬಂದೇ ಇರ್ಲಿಲ್ಲ. ಮಸಿ ಎಲ್ಲಿಂದ ಹಚ್ತಾನ?"

"ಒಂಬತ್ತು ವರ್ಷ ಬಾಯಾಗ ಏನು ಇಟ್ಕೊಂಡಿದ್ದಿ?" ಎಂದು ಹಾಲೇಶಪ್ಪ ಅವನ ಕಡೆ ತಿರುಗಿದ.

"ಮೈಲಾರಲಿಂಗನ ಆಣಿ ಹಾಕಿಸ್ಕೊಂಡಿದ್ದ್ರಿ. ನಾ ಇರೋತನಕ ಹೇಳಬ್ಯಾಡಲೇ ಅಂತ." ಎರ್ರೆಪ್ಪ ಟವಲಿನಿಂದ ಮೂಗು ಒರೆಸಿಕೊಂಡ. "ಈಗ ಅವ ಇಲ್ಲ."

ಹಾಲೇಶಪ್ಪನ ಹೆಂಡತಿ ಏನೋ ಹೇಳಲು ಹೋದಾಗ ಅವನು ಕೈಯೆತ್ತಿ ತಡೆದ. ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಒಂಬತ್ತು ನಾಗರ ಪಂಚಮಿಗೆ ನಮ್ಮ ಮನಿಗೆ ಬಂದ್ಯಲ್ಲಕ್ಕಾ. ಜೋಕಾಲಿ ಕಟ್ಟಿದೆ, ಸೀರಿ ಉಡಿಸಿದೆ, ಶೇಂಗಾ ಉಂಡಿ ತಿಂದಿ. ಹೆಂಗ ಇಳೀತು ಗಂಟಲಾಗ?"

"ಇಳೀಲಿಲ್ಲ. ಉಡ್ಯಾಗ ಕಟ್ಕೊಂಡು ತಂದು ಅವ್ರಿಗೆ ಕೊಡ್ತಿದ್ದೆ."

"ತಿಂತಿದ್ನಾ?"

"ತಿಂತಿದ್ರು. ಇದ ಮರದ ಬುಡಕ ಕುಂತು ತಿಂತಿದ್ರು. ನಿನ್ನ ತಮ್ಮನ ಮನ್ಯಾಗ ಶೇಂಗಾ ಹದಕ್ಕ ಹುರಿತಾರ ನೋಡು ಅಂತಿದ್ರು."

ಹಾಲೇಶಪ್ಪ ಸೀರೆಯ ಕವರನ್ನು ಅವಳ ಕೈಯಿಂದ ತೆಗೆದುಕೊಂಡ. ಅವಳಿಗೆ ತಿರುಗಿ ಕೊಡಲಿಲ್ಲ. ಹೆಂಡತಿಯ ಕೈಗೆ ಇಟ್ಟು, ಮುಖ ತಿರುಗಿಸಿ ರಸ್ತೆಯ ಕಡೆ ನಿಂತ.

"ನಾಲ್ಕು ಹೊಡಿತು," ಎಂದು ಅರುಣಕುಮಾರ ಯಾರೂ ಕೇಳದೆಯೇ ಹೇಳಿದ.

"ಸೀರಿ ಉಟ್ಟಿಲ್ಲಲ್ರಿ ಅಯ್ಯನೋರ," ಎಂದಳು ಕೊಟ್ರಮ್ಮ.

"ಸೀರಿಗೆ ಸೂರ್ಯ ಕಾಯಂಗಿಲ್ಲವಾ. ಎತ್ರಿ," ಎಂದರು ಅಯ್ಯನವರು.

* * *

ಮೆರವಣಿಗೆ ರೈಲ್ವೆ ಗೇಟು ದಾಟಿ ಹೊಲದ ಬದಿಯ ರುದ್ರಭೂಮಿಗೆ ಹೋಯಿತು. ವಿಮಾನದಲ್ಲಿ ಕುಳಿತ ಗುರುಸಂಗಪ್ಪ ಹೆಗಲುಗಳ ಮೇಲೆ ಅತ್ತಿತ್ತ ತೂಗುತ್ತ ಹೋದ. ಅವನ ಹೆಸರಿಗೆ ಅಂಟಿದ ಮಸಿಯ ಮಾತು ಹಿಂದೆ ನಡೆಯುವವರ ಬಾಯಲ್ಲಿ ಆಗಲೇ ತಿರುವುಮುರುವಾಗುತ್ತಿತ್ತು. "ಹೇಂತಿ ಹಚ್ಚಿದ್ದಂತಲೋ." "ಮತ್ತ ಇವ ಯಾಕ ಬಾಯಿ ಮುಚ್ಕೊಂಡಿದ್ದ?" "ಅದ ಮತ್ತ."

ದಾಕ್ಷಾಯಣಮ್ಮ ಮಗಳ ಹೆಗಲು ಹಿಡಿದು ನಡೆದಳು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಖಾಲಿಯಾಯಿತು ಅಷ್ಟೇ. ಹಿಂದೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ತಮ್ಮ ಬರುತ್ತಿದ್ದಾನೋ, ಬಸ್ ನಿಲ್ದಾಣಕ್ಕೆ ಹೋದನೋ. ಹೋಗಿದ್ದರೆ ಅದು ನ್ಯಾಯವೇ ಎಂದು ತನಗೆ ತಾನೇ ಹೇಳಿಕೊಂಡಳು. ನ್ಯಾಯವೆಂದು ಗೊತ್ತಾದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ.

ಕುಣಿ ತೋಡಿ ಆಗಿತ್ತು. ಒಳಗೆ ಸಾರಿಸಿ, ಕೂಡಿಸುವ ಕಡೆ ವಿಭೂತಿ ಗಟ್ಟಿ, ಪತ್ರಿ ಇಟ್ಟಿದ್ದರು. ಹೆಣದ ಸುತ್ತ ಸುರಿಯಲು ಉಪ್ಪು ತುಂಬಿದ ಬುಟ್ಟಿಗಳು ಅಂಚಿನಲ್ಲಿದ್ದವು.

"ಒಳಗ ಇಳಿಯೋರು ಯಾರ್ರೀ?" ಎಂದರು ಅಯ್ಯನವರು. "ಗಂಡುಮಕ್ಕಳಿಲ್ಲ. ಅಳಿಯಂದ್ರು ಇಳೀರಿ."

ಅರುಣಕುಮಾರ ಗಡಿಯಾರ ಬಿಚ್ಚಿ ಯಾರ ಕೈಗೆ ಕೊಡುವುದೆಂದು ಸುತ್ತ ನೋಡಿದ. ಅಷ್ಟರಲ್ಲಿ ಮಂದಿಯನ್ನು ಸರಿಸಿಕೊಂಡು ಹಿಂದಿನಿಂದ ಯಾರೋ ಬಂದರು. ಹಾಲೇಶಪ್ಪ. ಅಂಗಿ ಬಿಚ್ಚಿ ಹೆಂಡತಿಯ ಹೆಗಲಿಗೆ ಎಸೆದ, ಧೋತರ ಮೇಲೆತ್ತಿ ಕಟ್ಟಿದ, ಯಾರನ್ನೂ ಕೇಳದೆ ಕುಣಿಯ ಅಂಚಿಗೆ ಕೂತು ಒಳಗೆ ಜಾರಿದ.

ಮೇಲಿನಿಂದ ನಾಲ್ಕು ಜನ ಇಳಿಸಿದರು. ಅವನು ಬಗಲಲ್ಲಿ ಕೈ ಕೊಟ್ಟು ತಬ್ಬಿ ಹಿಡಿದು ಕೂಡಿಸಿದ, ಕಾಲು ಮಡಿಸಿದ, ಎಡಗೈ ಬಿಚ್ಚಿ ತೊಡೆಯ ಮೇಲಿಟ್ಟ. ಅಯ್ಯನವರು ಬಾಗಿ ಲಿಂಗ ಇಟ್ಟರು. ಆದರೆ ತಲೆ ನಿಲ್ಲಲಿಲ್ಲ. ಅದು ನೆಟ್ಟಗಿರಲೆಂದು ಕಟ್ಟಿದ್ದ ಬಟ್ಟೆ ಸಡಿಲಾಗಿತ್ತು. ಮುಂದಕ್ಕೆ ಬಿತ್ತು, ಹಾಲೇಶಪ್ಪ ಎತ್ತಿ ಗೋಡೆಗೆ ಒರಗಿಸಿದ. ಮತ್ತೆ ಮುಂದಕ್ಕೆ ಬಿತ್ತು.

"ನೆಟ್ಟಗ ಹಿಡೀರಿ," ಎಂದರು ಅಯ್ಯನವರು. "ಉಪ್ಪು ಹಾಕೋತನಕ ಹಿಡೀಬೇಕು."

ಹಾಲೇಶಪ್ಪ ಎರಡೂ ಕೈಯಿಂದ ಆ ಮುಖ ಹಿಡಿದು ಒಂದು ಗಳಿಗೆ ನೋಡಿದ. ಆಮೇಲೆ ಕತ್ತೆತ್ತಿ ಮೇಲೆ ನಿಂತವರಲ್ಲಿ ಹುಡುಕಿದ.

"ಅಕ್ಕಾ."

ದಾಕ್ಷಾಯಣಮ್ಮ ಅಂಚಿಗೆ ಬಂದಳು.

"ಮಾವ ಬಸ್ಸಿನಾಗ ಕುಂತಲ್ಲೇ ನಿದ್ದಿ ಮಾಡ್ತಿದ್ನಲ್ಲಕ್ಕಾ. ಯಾವ ಕಡಿ ವಾಲ್ತಿದ್ದ?"

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೆಳಗೆ ಬಾಗಿದಳು.

"ಎಡಕ್ಕ," ಎಂದಳು. "ನನ್ನ ಕಡಿಗೆ."

ಹಾಲೇಶಪ್ಪ ಕುಣಿಯೊಳಗೆ ಮೊಣಕಾಲಿನ ಮೇಲೆ ಸರಿದು, ಗುರುಸಂಗಪ್ಪನ ಎಡಕ್ಕೆ ಬಂದು, ಅವನ ಪಕ್ಕದಲ್ಲಿಯೇ ಗೋಡೆಗೆ ಬೆನ್ನು ಕೊಟ್ಟು ಕುಳಿತ. ತಲೆಯನ್ನು ಮೆಲ್ಲಗೆ ವಾಲಿಸಿ ತನ್ನ ಬರಿ ಹೆಗಲ ಮೇಲೆ ಇಟ್ಟುಕೊಂಡ. ಅದು ಅಲ್ಲಿ ನಿಂತಿತು. ಉಪ್ಪಿನ ಬುಟ್ಟಿ ಎತ್ತಿದವರು ಅವನು ಎದ್ದು ಬರಲೆಂದು ಹಾಗೇ ಹಿಡಿದು ನಿಂತರು.